ಹಳೆಯ ಗಣಕಯಂತ್ರಕ್ಕೆ ಮರುಚೈತನ್ಯ: ಸಣ್ಣ ಉದ್ಯಮಗಳಿಗೆ ಹಗುರ ಲಿನಕ್ಸ್

ಯಶವಂತಪುರ, ಪೀಣ್ಯ, ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳ ಸಣ್ಣ ಅಂಗಡಿ, ಮಂಡಿ ಮತ್ತು ಕಾರ್ಯಾಗಾರಗಳಲ್ಲಿ ಇಂದು ಗಣಕಯಂತ್ರವಿಲ್ಲದೆ ಒಂದು ದಿನವೂ ವ್ಯವಹಾರ ಸಾಗದು. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದ ಮೇಲೆ ತಿಂಗಳ ವಿವರಣಾ ಪತ್ರಗಳು ಅಂತರ್ಜಾಲದ ಮೂಲಕವೇ ಸಲ್ಲಿಕೆಯಾಗುತ್ತಿವೆ. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ವ್ಯವಸ್ಥೆಯೂ ಜೊತೆಗೂಡಿದೆ. ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಬಳಿಕ ಹರಾಜಿನ ವ್ಯವಹಾರವೂ ಗಣಕದ ಪರದೆಗೆ ಬಂದಿದೆ. ತೆರಿಗೆಗೆ ಒಳಪಟ್ಟ ಸರಕನ್ನು ಲಾರಿಗೆ ತುಂಬಿದ ಮೇಲೆ ಇ-ವೇ ಬಿಲ್ ಸಿದ್ಧವಾಗದೆ ಚಾಲಕನು ಬಾಗಿಲಲ್ಲಿ ಕಾಯುತ್ತಿದ್ದರೆ, ಕಚೇರಿಯಲ್ಲಿರುವ ನಿಧಾನಗತಿಯ ಗಣಕಯಂತ್ರ ಕೇವಲ ಕಿರಿಕಿರಿಯ ವಿಷಯವಾಗಿ ಉಳಿಯುವುದಿಲ್ಲ, ಅದು ನೇರವಾಗಿ ನಷ್ಟದ ಬಾಬತ್ತಾಗುತ್ತದೆ.

ಇದರ ಜೊತೆಗೆ ಮತ್ತೊಂದು ಸಮಸ್ಯೆ ಸೇರಿಕೊಂಡಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ, ಇಂಟೆಲ್ ಸಂಸ್ಕಾರಕಗಳ ಪೈಕಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಹೊಸದಾದ ಸಂಸ್ಕಾರಕವೂ ಬೇಕು. ಆದ್ದರಿಂದ 2017ಕ್ಕೆ ಮುನ್ನ ಕೊಂಡ ಬಹುತೇಕ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಆ ಸಾಲಿನಿಂದ ಹೊರಗುಳಿದಿವೆ. ಹೆಚ್ಚುವರಿ ಅವಧಿಯ ಭದ್ರತಾ ಯೋಜನೆಗಳು ತಾತ್ಕಾಲಿಕ ಪರಿಹಾರ ಮಾತ್ರ. ಭದ್ರತಾ ಪರಿಷ್ಕರಣೆ ದೊರೆಯದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಬೀಗವಿಲ್ಲದ ಗಲ್ಲಾಪೆಟ್ಟಿಗೆಯನ್ನು ನಂಬಿದಂತೆ. ಇಂತಹ ಯಂತ್ರಗಳನ್ನು ಗುಜರಿಗೆ ಹಾಕದೆ ಇನ್ನೂ ಕೆಲವು ವರ್ಷ ಸುರಕ್ಷಿತವಾಗಿ ದುಡಿಸಿಕೊಳ್ಳಲು ಇರುವ ಒಂದು ಮಾರ್ಗ ಹಗುರ ಲಿನಕ್ಸ್.

ಬೆಂಗಳೂರಿಗೆ ಹೊಸದಲ್ಲದ ವಿಚಾರ

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಇಂದು ಜಗತ್ತಿನಾದ್ಯಂತ ಸಾವಿರಾರು ತಂತ್ರಜ್ಞರು ಬೆಳೆಸುತ್ತಿರುವ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳು. ಅಲ್ಪ ಸಾಮರ್ಥ್ಯದ ಯಂತ್ರದಲ್ಲಿ ಅದು ದುಡಿಯಬಲ್ಲದೆಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕವು ಲಿನಕ್ಸ್ ಆಧಾರಿತವಾಗಿತ್ತು. ಅದರ ಸಂಸ್ಕಾರಕದ ವೇಗ 206 ಮೆಗಾಹರ್ಟ್ಸ್, ಮೆಮೊರಿ ಕೆಲವೇ ಹತ್ತು ಮೆಗಾಬೈಟ್. ಅದರ ಒಂದು ಮಾದರಿಯಾದ ಅಮಿಡಾ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. ವಾಣಿಜ್ಯಿಕವಾಗಿ ಸಿಂಪ್ಯೂಟರ್ ಯಶಸ್ವಿಯಾಗಲಿಲ್ಲ, ಆದರೆ ಅದು ಕಲಿಸಿದ ಪಾಠ ಉಳಿದಿದೆ: ಕೆಲಸಕ್ಕೆ ತಕ್ಕಷ್ಟೇ ತಂತ್ರಾಂಶವಿದ್ದರೆ ಸಣ್ಣ ಯಂತ್ರವೂ ಸಾಕು. ದೇಶದ ಜಿಲ್ಲಾ ನ್ಯಾಯಾಲಯಗಳ ಗಣಕೀಕರಣದ ಇ-ಕೋರ್ಟ್ಸ್ ಯೋಜನೆಯಲ್ಲಿಯೂ ಲಿನಕ್ಸ್‌ನ ಒಂದು ರೂಪವಾದ ಉಬುಂಟುವನ್ನೇ ಅಳವಡಿಸಿಕೊಳ್ಳಲಾಗಿದೆ.

ಲೆಕ್ಕದ ದೃಷ್ಟಿಯಿಂದ

ಆದಾಯ ತೆರಿಗೆಯ ನಿಯಮದಂತೆ ಗಣಕಯಂತ್ರಕ್ಕೆ ಶೇಕಡಾ 40ರ ದರದಲ್ಲಿ ಸವಕಳಿ ಕಳೆಯಲಾಗುತ್ತದೆ. 40,000 ರೂಪಾಯಿಗೆ ಕೊಂಡ ಯಂತ್ರದ ಪುಸ್ತಕ ಮೌಲ್ಯ ಐದು ವರ್ಷಗಳಲ್ಲಿ ಸುಮಾರು 3,110 ರೂಪಾಯಿಗೆ ಇಳಿಯುತ್ತದೆ. ಆದರೆ ಪುಸ್ತಕದಲ್ಲಿ ಮೌಲ್ಯ ಮುಗಿದಂತೆ ಯಂತ್ರದ ಆಯುಸ್ಸು ಮುಗಿಯುವುದಿಲ್ಲ. ಮತ್ತೊಂದೆಡೆ, ನಿಧಾನಗತಿಯ ಯಂತ್ರದ ಎದುರು ಗುಮಾಸ್ತರೊಬ್ಬರು ದಿನಕ್ಕೆ 20 ನಿಮಿಷ ಸುಮ್ಮನೆ ಕಾಯುತ್ತಾರೆಂದು ಭಾವಿಸಿದರೆ, ವರ್ಷದ 300 ಕೆಲಸದ ದಿನಗಳಿಗೆ 100 ಗಂಟೆಗಳು, ಅಂದರೆ ಎಂಟು ಗಂಟೆಯ ಹನ್ನೆರಡೂವರೆ ದಿನಗಳು ವ್ಯರ್ಥವಾಗುತ್ತವೆ. ಮೂರು ಯಂತ್ರಗಳಿರುವ ಕಚೇರಿಯಲ್ಲಿ ಇದು ಒಬ್ಬ ನೌಕರನ ಒಂದು ತಿಂಗಳ ಸಂಬಳವನ್ನು ಮೀರುತ್ತದೆ. ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ. ಆದರೆ ಬಿಡಿಭಾಗ, ತಂತ್ರಜ್ಞರ ಕೂಲಿ ಮತ್ತು ನೌಕರರು ಹೊಸದನ್ನು ಕಲಿಯುವ ಕಾಲ, ಈ ಮೂರೂ ವೆಚ್ಚದ ಬಾಬತ್ತುಗಳೇ ಎಂಬುದನ್ನು ಮರೆಯಬಾರದು.

ಮೊದಲ ಹೆಜ್ಜೆ: ಕಾರಣವನ್ನು ಅಳೆಯುವುದು

ಯಂತ್ರ ನಿಧಾನವಾದೊಡನೆ ಬಿಡಿಭಾಗ ಕೊಳ್ಳಲು ಎಸ್.ಪಿ. ರಸ್ತೆಗೆ ಓಡುವುದು ಸರಿಯಾದ ಕ್ರಮವಲ್ಲ. ನಿಧಾನಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ: ಹಾರ್ಡ್ ಡಿಸ್ಕ್, ಮೆಮೊರಿಯ ಕೊರತೆ, ಶಾಖ ಮತ್ತು ಅನಗತ್ಯ ತಂತ್ರಾಂಶಗಳ ಹೊರೆ. ಯಾವುದು ಕಾರಣವೆಂದು ತಿಳಿಯಲು ಲಿನಕ್ಸನ್ನು ಪೆನ್ ಡ್ರೈವ್‌ನಲ್ಲಿ ಹಾಕಿ, ಹಾರ್ಡ್ ಡಿಸ್ಕನ್ನು ಮುಟ್ಟದೆ ನೇರವಾಗಿ ಅದರಿಂದಲೇ ಯಂತ್ರವನ್ನು ಚಾಲನೆ ಮಾಡಿ ನೋಡಬಹುದು. ಲೈವ್ ವಿಧಾನವೆಂದು ಕರೆಯುವ ಈ ಸೌಲಭ್ಯ ಬಹುತೇಕ ಲಿನಕ್ಸ್ ಆವೃತ್ತಿಗಳಲ್ಲಿದೆ. ಪರದೆ, ಧ್ವನಿ, ವೈಫೈ ಮತ್ತು ಮುದ್ರಕಗಳು ಹೊಂದುತ್ತವೆಯೇ ಎಂಬುದೂ ಇದೇ ಹಂತದಲ್ಲಿ ಗೊತ್ತಾಗುತ್ತದೆ.

ಟಾಸ್ಕ್ ಮ್ಯಾನೇಜರ್ ತೆರೆದು ಎಂದಿನ ಕೆಲಸ ಮಾಡುತ್ತ ಅಂಕಿಗಳನ್ನು ಗಮನಿಸಬೇಕು. ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸುವುದು ಅಗತ್ಯ. ಲಿನಕ್ಸ್ ಖಾಲಿ ಇರುವ ಮೆಮೊರಿಯನ್ನು ಡಿಸ್ಕಿನಿಂದ ಓದಿದ ಕಡತಗಳ ತಾತ್ಕಾಲಿಕ ಸಂಗ್ರಹಕ್ಕೆ ಬಳಸುತ್ತದೆ ಮತ್ತು ಬೇಕಾದಾಗ ತಕ್ಷಣ ಬಿಟ್ಟುಕೊಡುತ್ತದೆ. ಆದ್ದರಿಂದ ‘ಖಾಲಿ’ ಎಂಬ ಅಂಕಿ ಚಿಕ್ಕದಾಗಿದ್ದರೆ ಗಾಬರಿಯಾಗಬೇಕಿಲ್ಲ. ‘ಲಭ್ಯ’ ಎಂಬ ಅಂಕಿಯನ್ನೂ, ಸ್ವಾಪ್ ಎಂಬ ಡಿಸ್ಕಿನ ಭಾಗ ಎಷ್ಟು ಬಳಕೆಯಾಗುತ್ತಿದೆ ಎಂಬುದನ್ನೂ ನೋಡಬೇಕು. ಲಭ್ಯ ಮೆಮೊರಿ ಕುಸಿದು ಸ್ವಾಪ್ ಬಳಕೆ ಏರುತ್ತಿದ್ದರೆ ಮೆಮೊರಿಯ ಕೊರತೆಯಿದೆ. ಮೆಮೊರಿ ಸಾಕಷ್ಟಿದ್ದೂ ಡಿಸ್ಕಿನ ದೀಪ ಸತತವಾಗಿ ಉರಿಯುತ್ತಿದ್ದರೆ ದೋಷ ಡಿಸ್ಕಿನದು. ಯಂತ್ರ ಬೆಳಗ್ಗೆ ಚುರುಕಾಗಿದ್ದು ಮಧ್ಯಾಹ್ನ ಕುಂಟುತ್ತಿದ್ದರೆ ಶಾಖವನ್ನು ಶಂಕಿಸಬೇಕು. ಅಳತೆಗಾಗಿ ಎರಡು ಸಮಯಗಳನ್ನು ಕಾಗದದಲ್ಲಿ ಬರೆದಿಡುವುದು ಒಳಿತು: ಗುಂಡಿ ಒತ್ತಿದ ಮೇಲೆ ಪರದೆ ಸಿದ್ಧವಾಗುವ ಕಾಲ ಮತ್ತು ತೆರಿಗೆ ಜಾಲತಾಣದ ಪುಟ ತೆರೆಯುವ ಕಾಲ.

ಎರಡನೆಯ ಹೆಜ್ಜೆ: ಲೆಕ್ಕಪತ್ರಗಳ ಪ್ರತಿ

ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಣಾ ಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಲಿನಕ್ಸ್ ಅಳವಡಿಸುವಾಗ ‘ಇಡೀ ಡಿಸ್ಕನ್ನು ಅಳಿಸು’ ಎಂಬ ಆಯ್ಕೆಯನ್ನು ಅರಿಯದೆ ಒತ್ತಿದರೆ ಆರು ವರ್ಷಗಳ ದಾಖಲೆ ಕ್ಷಣದಲ್ಲಿ ಮಾಯವಾದೀತು. ಆದ್ದರಿಂದ ಎಲ್ಲ ಕಡತಗಳ ಎರಡು ಪ್ರತಿಗಳನ್ನು ಎರಡು ಬೇರೆ ಸಾಧನಗಳಲ್ಲಿ ಇಟ್ಟು, ಅವುಗಳಲ್ಲಿ ಒಂದನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿದ ನಂತರವೇ ಮುಂದುವರಿಯಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು. ಎಲ್ಲಕ್ಕಿಂತ ಸುರಕ್ಷಿತ ಕ್ರಮವೆಂದರೆ ಹಳೆಯ ಹಾರ್ಡ್ ಡಿಸ್ಕನ್ನು ಹಾಗೆಯೇ ಬಿಚ್ಚಿ ಬೀರುವಿನಲ್ಲಿಟ್ಟು ಹೊಸ ಡಿಸ್ಕಿನಲ್ಲಿ ಲಿನಕ್ಸ್ ಅಳವಡಿಸುವುದು. ಪ್ರಯೋಗ ವಿಫಲವಾದರೂ ಹಳೆಯ ಸ್ಥಿತಿಗೆ ಮರಳಲು ಅರ್ಧ ಗಂಟೆ ಸಾಕು.

ಮೂರನೆಯ ಹೆಜ್ಜೆ: ಯಂತ್ರದ ಶುಶ್ರೂಷೆ

ಮಂಡಿಗಳ ಧಾನ್ಯದ ಹೊಟ್ಟು, ಕಾರ್ಯಾಗಾರದ ಲೋಹದ ಪುಡಿ, ತುಮಕೂರು ರಸ್ತೆಯ ಧೂಳು, ಇವೆಲ್ಲ ಗಣಕದ ಬೀಸಣಿಗೆಯಲ್ಲಿ ಸೇರಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ಶಾಖ ಮಿತಿಮೀರಿದಾಗ ಸಂಸ್ಕಾರಕ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಇದನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು. ವಿದ್ಯುತ್ ಸಂಪರ್ಕ ತಪ್ಪಿಸಿ, ಪೆಟ್ಟಿಗೆ ತೆರೆದು ಮೆತ್ತನೆಯ ಕುಂಚದಿಂದ ಧೂಳು ತೆಗೆಯುವುದು, ಸಂಸ್ಕಾರಕದ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು ಬದಲಾಯಿಸುವುದು ಮೊದಲ ಚಿಕಿತ್ಸೆ.

ಜೊತೆಗೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿಯನ್ನು ಬದಲಾಯಿಸಬೇಕು. ಅದು ಸತ್ತಿದ್ದರೆ ಪ್ರತಿ ಬಾರಿ ವಿದ್ಯುತ್ ಹೋದಾಗ ಯಂತ್ರದ ದಿನಾಂಕ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಬ್ಯಾಂಕ್ ಮತ್ತು ತೆರಿಗೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ, ಪುಟ ತೆರೆಯುವುದಿಲ್ಲ. ‘ಇಂಟರ್ನೆಟ್ ಕೆಟ್ಟಿದೆ’ ಎಂಬ ಎಷ್ಟೋ ದೂರುಗಳ ಮೂಲ ಈ ಪುಟ್ಟ ಬ್ಯಾಟರಿ.

ಬಿಡಿಭಾಗಗಳಲ್ಲಿ ಅತ್ಯಂತ ಫಲದಾಯಕವಾದುದು ಎಸ್‌ಎಸ್‌ಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಸೂಜಿ ಸರಿಯುವ ಕಾಲ ಅದಕ್ಕೆ ಪ್ರತ್ಯೇಕ. ಹೀಗಾಗಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾತ್ರ ಓದಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡುತ್ತದೆ. ಕಚೇರಿ ಬಳಕೆಗೆ ದೊಡ್ಡ ಗಾತ್ರ ಬೇಕಿಲ್ಲ, 240 ಗಿಗಾಬೈಟ್ ಧಾರಾಳ. ಸಾಟಾ ಸಂಪರ್ಕವಿರುವ ಹದಿನೈದು ವರ್ಷದ ಯಂತ್ರಕ್ಕೂ ಎರಡೂವರೆ ಇಂಚಿನ ಎಸ್‌ಎಸ್‌ಡಿ ಹೊಂದುತ್ತದೆ.

ಮೆಮೊರಿ 2 ಗಿಗಾಬೈಟ್ ಇದ್ದರೆ 4ಕ್ಕೆ, ಸಾಧ್ಯವಾದರೆ 8ಕ್ಕೆ ಏರಿಸುವುದು ಉತ್ತಮ. ಡಿಡಿಆರ್2, ಡಿಡಿಆರ್3, ಡಿಡಿಆರ್4 ಪಟ್ಟಿಗಳು ಒಂದರ ಜಾಗದಲ್ಲಿ ಮತ್ತೊಂದು ಕೂರುವುದಿಲ್ಲವಾದ್ದರಿಂದ ಹಳೆಯ ಪಟ್ಟಿಯನ್ನು ಕಳಚಿ ಅಂಗಡಿಗೆ ಒಯ್ಯುವುದು ಜಾಣತನ. ಬಳಸಿದ ಪಟ್ಟಿ ಕೊಳ್ಳುವುದಾದರೆ ಅಲ್ಲಿಯೇ ಪರೀಕ್ಷಿಸಿ, ಹಿಂದಿರುಗಿಸುವ ಷರತ್ತಿನೊಂದಿಗೆ ರಸೀದಿ ಪಡೆಯಬೇಕು.

ನಾಲ್ಕನೆಯ ಹೆಜ್ಜೆ: ಯಾವ ಲಿನಕ್ಸ್?

ಒಂದೇ ತಿರುಳಿನ ಸುತ್ತ ಬೇರೆ ಬೇರೆ ಹೊದಿಕೆಗಳಿರುವುದು ಲಿನಕ್ಸ್‌ನ ವಿಶೇಷ. ಯಂತ್ರದ ಮೇಲೆ ಬೀಳುವ ಹೊರೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್ ಪರಿಸರ. ಗ್ನೋಮ್ ಎಂಬ ಪರಿಸರ ನೋಟಕ್ಕೆ ಸೊಗಸು, ಮೆಮೊರಿಯ ಬೇಡಿಕೆ ಹೆಚ್ಚು. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಎಂಬ ಪರಿಸರಗಳು ಹಗುರ.

4 ಗಿಗಾಬೈಟ್ ಅಥವಾ ಹೆಚ್ಚು ಮೆಮೊರಿಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸೂಕ್ತ. ಅದರ ನೋಟ ಹಳೆಯ ವಿಂಡೋಸ್‌ನಂತೆಯೇ ಇರುವುದರಿಂದ ನೌಕರರಿಗೆ ಗೊಂದಲ ಕಡಿಮೆ. ಲುಬುಂಟು ಮತ್ತು ಕ್ಸುಬುಂಟುಗಳೂ ಈ ವರ್ಗದವೇ. ಆದರೆ ಇವುಗಳಲ್ಲಿ ಫೈರ್‌ಫಾಕ್ಸ್ ಬ್ರೌಸರ್ ‘ಸ್ನ್ಯಾಪ್’ ರೂಪದಲ್ಲಿ ಬರುವುದರಿಂದ ಹಳೆಯ ಯಂತ್ರಗಳಲ್ಲಿ ಮೊದಲ ಬಾರಿ ತೆರೆಯಲು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. 2 ಗಿಗಾಬೈಟ್‌ನ ಯಂತ್ರಕ್ಕೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್ ಇವೆ. ಇವು ಅತ್ಯಂತ ಹಗುರವಾದರೂ ಹೊಸಬರಿಗೆ ತುಸು ಕಠಿಣ.

ಸಂಸ್ಕಾರಕ 32 ಬಿಟ್‌ನದಾಗಿದ್ದರೆ ಮಾತ್ರ ಮರುಚಿಂತನೆ ಅಗತ್ಯ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13 ಅಂತಹ ಯಂತ್ರಗಳಿಗೆ ಅಳವಡಿಕೆಯ ಸೌಲಭ್ಯವನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ ಕೂಡ 144ನೆಯ ಆವೃತ್ತಿಯ ನಂತರ 32 ಬಿಟ್ ಲಿನಕ್ಸ್‌ಗೆ ಹೊಸ ಆವೃತ್ತಿ ನೀಡುವುದನ್ನು ನಿಲ್ಲಿಸಿತು. ಬ್ರೌಸರ್ ಪರಿಷ್ಕರಣೆಯಿಲ್ಲದ ಯಂತ್ರವನ್ನು ಹಣಕಾಸಿನ ಕೆಲಸಕ್ಕೆ ಬಳಸಬಾರದು. ಕೋರ್ 2 ಡ್ಯುಯೊ ಮತ್ತು ಅದರ ನಂತರದ ಇಂಟೆಲ್ ಕೋರ್ ಸಂಸ್ಕಾರಕಗಳು 64 ಬಿಟ್‌ನವೇ ಆದ್ದರಿಂದ ಬಹುತೇಕ ಕಚೇರಿಗಳಿಗೆ ಈ ಚಿಂತೆ ಇರದು.

ಐದನೆಯ ಹೆಜ್ಜೆ: ವೇಗಕ್ಕಾಗಿ ಸೂಕ್ಷ್ಮ ಹೊಂದಾಣಿಕೆ

ಅಳವಡಿಕೆ ಮುಗಿದ ಮೇಲೆ ಮಾಡಬೇಕಾದ ಹೊಂದಾಣಿಕೆಗಳು ಕೆಲವೇ.

1. ಆರಂಭದಲ್ಲೇ ಓಡುವ ತಂತ್ರಾಂಶಗಳು: ‘ಸೆಷನ್ ಅಂಡ್ ಸ್ಟಾರ್ಟಪ್’ ಎಂಬ ಪಟ್ಟಿಯಲ್ಲಿ ಬ್ಲೂಟೂತ್, ಸ್ವಾಗತ ಪರದೆ ಮುಂತಾದವುಗಳಲ್ಲಿ ಕಚೇರಿಗೆ ಬೇಡವಾದವನ್ನು ನಿಲ್ಲಿಸಬೇಕು. ಪರಿಷ್ಕರಣೆಯ ಸೂಚಕವನ್ನು ಮಾತ್ರ ಎಂದಿಗೂ ನಿಲ್ಲಿಸಬಾರದು.

2. ಪರದೆಯ ಅಲಂಕಾರ: ಕಿಟಕಿಗಳ ನೆರಳು, ಪಾರದರ್ಶಕತೆಗಳನ್ನು ಒದಗಿಸುವ ‘ಕಂಪೋಸಿಟರ್’ ಅನ್ನು ನಿಲ್ಲಿಸಿದರೆ ದುರ್ಬಲ ಗ್ರಾಫಿಕ್ಸ್ ಇರುವ ಯಂತ್ರಕ್ಕೆ ನಿರಾಳ.

3. ಜೆಡ್‌ರ‍್ಯಾಮ್: ಇದು ಮೆಮೊರಿಯ ಒಂದು ಭಾಗದಲ್ಲಿ ಮಾಹಿತಿಯನ್ನು ಸಂಕುಚಿತಗೊಳಿಸಿ ಇಡುವ ಕ್ರಮ. ಸಂಕುಚಿತಗೊಳಿಸಲು ಸಂಸ್ಕಾರಕಕ್ಕೆ ಅಲ್ಪ ಶ್ರಮವಾದರೂ ಡಿಸ್ಕಿನ ಸ್ವಾಪ್‌ಗೆ ಹೋಲಿಸಿದರೆ ಅದು ಎಷ್ಟೋ ಪಾಲು ವೇಗ. 2 ಮತ್ತು 4 ಗಿಗಾಬೈಟ್‌ನ ಯಂತ್ರಗಳಲ್ಲಿ ಇದರ ಪ್ರಯೋಜನ ಎದ್ದು ಕಾಣುತ್ತದೆ.

4. ಬ್ರೌಸರ್: ಇಂದಿನ ಕಚೇರಿಯಲ್ಲಿ ಮೆಮೊರಿಯ ಅತಿ ದೊಡ್ಡ ಗ್ರಾಹಕ ಕಾರ್ಯಾಚರಣಾ ವ್ಯವಸ್ಥೆಯಲ್ಲ, ಬ್ರೌಸರ್. ವ್ಯವಸ್ಥೆ ಎಷ್ಟೇ ಹಗುರವಾದರೂ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಯಂತ್ರ ಬಸವಳಿಯುತ್ತದೆ. ಮುಗಿದ ಟ್ಯಾಬನ್ನು ಮುಚ್ಚುವ ಅಭ್ಯಾಸ, ಬೇಡದ ವಿಸ್ತರಣೆಗಳನ್ನು ತೆಗೆಯುವುದು ಮತ್ತು ಜಾಹೀರಾತು ತಡೆಯುವ ಒಂದು ವಿಸ್ತರಣೆ, ಈ ಮೂರರಿಂದ ದೊರೆಯುವ ಲಾಭ ಅಪಾರ.

ಇಷ್ಟಾದ ಮೇಲೆ ಮೊದಲು ಬರೆದಿಟ್ಟ ಎರಡು ಸಮಯಗಳನ್ನು ಮತ್ತೆ ಅಳೆಯಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಅಳೆದರೆ ಯಾವುದರಿಂದ ಎಷ್ಟು ಫಲ ದೊರೆಯಿತೆಂದು ತಿಳಿಯುತ್ತದೆ. ಎರಡನೆಯ ಮತ್ತು ಮೂರನೆಯ ಯಂತ್ರಕ್ಕೆ ಹಣ ಹಾಕುವಾಗ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ.

ವ್ಯಾಪಾರಿಗಳು ವಹಿಸಬೇಕಾದ ಎಚ್ಚರ

ಲಿನಕ್ಸ್ ಎಲ್ಲ ಯಂತ್ರಗಳಿಗೂ ಎಲ್ಲ ಕೆಲಸಗಳಿಗೂ ಮದ್ದಲ್ಲ. ಬೆಂಗಳೂರಿನಲ್ಲೇ ಬೆಳೆದು ದೇಶವ್ಯಾಪಿಯಾಗಿರುವ ಟ್ಯಾಲಿ ತಂತ್ರಾಂಶ ವಿಂಡೋಸ್‌ಗಾಗಿ ರೂಪಿತವಾದುದು. ಅದನ್ನು ನೆಚ್ಚಿರುವ ಕಚೇರಿ ಎಲ್ಲ ಯಂತ್ರಗಳನ್ನೂ ಬದಲಾಯಿಸಲು ಹೊರಡಬಾರದು. ಪರಿಷ್ಕರಣೆ ದೊರೆಯುವ ವಿಂಡೋಸ್ ಇರುವ ಒಂದು ಯಂತ್ರವನ್ನು ಲೆಕ್ಕಪತ್ರಕ್ಕೆ ಮೀಸಲಿಟ್ಟು, ಬಿಲ್ಲು, ಪತ್ರವ್ಯವಹಾರ, ಮಿಂಚಂಚೆ ಮತ್ತು ಜಾಲತಾಣದ ಕೆಲಸಗಳ ಯಂತ್ರಗಳನ್ನು ಮಾತ್ರ ಲಿನಕ್ಸ್‌ಗೆ ಒಯ್ಯುವುದು ವಿವೇಕ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಮತ್ತೊಂದು ಅಂಶವನ್ನು ನೆನಪಿಡಬೇಕು: 2023ರ ಏಪ್ರಿಲ್ 1ರಿಂದ ಅವು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವುದು ಕಡ್ಡಾಯ. ಉಚಿತವೆಂಬ ಕಾರಣಕ್ಕೆ ಬೇರೆ ಲೆಕ್ಕಪತ್ರ ತಂತ್ರಾಂಶಕ್ಕೆ ಹೋಗುವ ಮುನ್ನ ಲೆಕ್ಕಪರಿಶೋಧಕರ ಅಭಿಪ್ರಾಯ ಪಡೆಯಬೇಕು.

ಕಂಪನಿಗಳು ಮತ್ತು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳು ತೆರಿಗೆ ವಿವರಣೆಗೆ ಡಿಜಿಟಲ್ ಸಹಿ ಬಳಸಬೇಕಾಗುತ್ತದೆ. ಸಹಿಯ ಯುಎಸ್‌ಬಿ ಟೋಕನ್‌ಗೆ ಲಿನಕ್ಸ್ ಚಾಲಕ ತಂತ್ರಾಂಶವಿದೆಯೇ ಎಂದು ಮೊದಲೇ ವಿಚಾರಿಸಬೇಕು. ಏಕವ್ಯಕ್ತಿ ಮಾಲೀಕತ್ವದ ಅಂಗಡಿಗಳಿಗೆ ಮೊಬೈಲಿಗೆ ಬರುವ ಒಮ್ಮೆ ಬಳಕೆಯ ಸಂಕೇತವೇ ಸಾಕಾಗುವುದರಿಂದ ಈ ತೊಡಕಿಲ್ಲ.

ಮುದ್ರಕಗಳ ಪೈಕಿ ಎಚ್‌ಪಿ ಸಂಸ್ಥೆಯ ಬಹುತೇಕ ಮಾದರಿಗಳಿಗೆ ಮತ್ತು ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ಲಿನಕ್ಸ್‌ನಲ್ಲಿ ಬೆಂಬಲವಿದೆ. ಕ್ಯಾನನ್ ಎಲ್‌ಬಿಪಿ 2900ರಂತಹ ಕೆಲವು ಮಾದರಿಗಳಿಗೆ ಪ್ರತ್ಯೇಕ ಚಾಲಕ ತಂತ್ರಾಂಶವನ್ನು ಅಳವಡಿಸಬೇಕಾಗುತ್ತದೆ, ಇದಕ್ಕೆ ಅನುಭವಿಗಳ ನೆರವು ಬೇಕು.

ಕನ್ನಡದ ವಿಷಯದಲ್ಲಿ ಆತಂಕ ಬೇಡ. ನುಡಿ ತಂತ್ರಾಂಶದಿಂದ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಅಡಕವಾಗಿದ್ದು, ಕೀಲಿಮಣೆಯ ಪಟ್ಟಿಯಿಂದ ಆರಿಸಿಕೊಂಡರೆ ಸಾಕು. ಆದರೆ ಯೂನಿಕೋಡ್‌ಗೆ ಮುಂಚಿನ ನುಡಿ ಮತ್ತು ಬರಹ ಕಡತಗಳು ಆಯಾ ಅಕ್ಷರಶೈಲಿಯಿಲ್ಲದೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಮುಖ್ಯ ಕಡತಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಎಕ್ಸೆಲ್ ಕಡತಗಳನ್ನು ಲಿಬ್ರೆ ಆಫೀಸ್ ತೆರೆಯುತ್ತದಾದರೂ, ಮ್ಯಾಕ್ರೊಗಳಿರುವ ಹಾಳೆಗಳು ಎಂದಿನಂತೆ ನಡೆಯುತ್ತವೆಯೇ ಎಂದು ಪರೀಕ್ಷಿಸಿ ನೋಡುವುದು ಕ್ಷೇಮ.

ಕೈಬಿಡಬೇಕಾದ ಸಂದರ್ಭ

ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿದ್ದರೆ, ವಿದ್ಯುತ್ ಪೂರೈಕೆಯ ಘಟಕ ಪದೇ ಪದೇ ಕೈಕೊಡುತ್ತಿದ್ದರೆ, ಅಥವಾ ದುರಸ್ತಿಯ ವೆಚ್ಚ ಹೊಸ ಯಂತ್ರದ ಬೆಲೆಯ ಮೂರನೆಯ ಒಂದು ಭಾಗವನ್ನು ಮೀರಿದರೆ ಹಳೆಯದಕ್ಕೆ ಅಂಟಿಕೊಳ್ಳುವುದು ಲಾಭಕರವಲ್ಲ. ಹಾಗೆ ಕೈಬಿಟ್ಟ ಯಂತ್ರವನ್ನು ತೂಕದ ಲೆಕ್ಕದಲ್ಲಿ ಗುಜರಿಯವರಿಗೆ ಕೊಡುವುದು ತರವಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ನೋಂದಾಯಿತ ಮರುಬಳಕೆದಾರರ ಮೂಲಕವೇ ವಿಲೇವಾರಿಯಾಗಬೇಕೆಂಬ ಆಶಯವುಳ್ಳವು. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಎಂಬ ಸಂಸ್ಥೆ ಈ ಕಾರ್ಯವನ್ನು ಆರಂಭಿಸಿತ್ತು. ವಿಲೇವಾರಿಗೆ ಮುನ್ನ ಡಿಸ್ಕಿನಲ್ಲಿರುವ ಗ್ರಾಹಕರ ಮತ್ತು ಬ್ಯಾಂಕಿನ ವಿವರಗಳನ್ನು ಸಂಪೂರ್ಣವಾಗಿ ಅಳಿಸುವುದು ಮಾಲೀಕರ ಹೊಣೆ.

ಒಟ್ಟಿನಲ್ಲಿ, ಕಚೇರಿಯಲ್ಲಿರುವ ಅತ್ಯಂತ ಹಳೆಯ, ಆದರೆ ಕೆಟ್ಟುಹೋಗದ ಒಂದು ಯಂತ್ರದಿಂದ ಈ ಪ್ರಯೋಗವನ್ನು ಆರಂಭಿಸುವುದು ಸೂಕ್ತ. ತೆರಿಗೆ ವಿವರಣೆಯ ಕೊನೆಯ ದಿನಗಳನ್ನು ತಪ್ಪಿಸಿ ವ್ಯವಹಾರ ಕಡಿಮೆಯಿರುವ ವಾರವೊಂದನ್ನು ಆರಿಸಿಕೊಂಡು, ಒಬ್ಬ ಆಸಕ್ತ ನೌಕರನಿಗೆ ಯಂತ್ರವನ್ನು ಒಪ್ಪಿಸಿ ಒಂದು ತಿಂಗಳು ನೋಡಬೇಕು. ಅಳತೆಯ ಕಾಗದದಲ್ಲಿ ಸಮಯ ಇಳಿದಿದ್ದು ನೌಕರನ ದೂರು ಕಡಿಮೆಯಾಗಿದ್ದರೆ ಮುಂದಿನ ಯಂತ್ರಕ್ಕೆ ಕೈಹಾಕಬಹುದು. ಹಾಗಾಗದಿದ್ದರೆ ಬೀರುವಿನಲ್ಲಿರುವ ಹಳೆಯ ಡಿಸ್ಕು ಸಿದ್ಧವಾಗಿಯೇ ಇರುತ್ತದೆ, ಹೊಸ ಎಸ್‌ಎಸ್‌ಡಿ ಮತ್ತೊಂದು ಯಂತ್ರಕ್ಕೆ ಉಪಯೋಗವಾಗುತ್ತದೆ.